ಒಳಗಿನಾಕಿಯ ಬೋಳು ಕೈ

ಈ ಸಲದ ಪಂಚಮಿಗೆ ಕುಚ್ಚಿದ ಕಡಬು ಮಾಡುತ್ತಿದ್ದೆ. ಸುರಪುರದ ನಮ್ಮ ಮನೆಯಲ್ಲಿ ಇನ್ನೂ ಹಳೆಯ ಪದ್ಧತಿಯೇ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಅದರ ಬಾಯಿಗೆ ಒದ್ದೆ ಅರಿವೆ ಬಿಗಿದು, ಅರಿವೆಯ ಮೇಲೆ ಕಡಬು ಜೋಡಿಸಿ, ಮೇಲೊಂದು ಪರಾತ ಮುಚ್ಚುವುದು. ಬೆಂದಿತೇನೋ ನೋಡೋಣ ಎಂದು ಪರಾತ ಎತ್ತಿದೆ. ಹೂರಣದ ಘಮಕ್ಕಿಂತ ಮೊದಲು ಮುಖಕ್ಕೆ ಬಡಿದದ್ದು ಆ ಅರಿವೆಯ ವಾಸನೆ. ಬಿಸಿ ಹಬೆಯಲ್ಲಿ ಬೆಂದ ಹತ್ತಿ ಬಟ್ಟೆಯ ವಾಸನೆ… ನಾನು ಪರಾತ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ.

ಆ ವಾಸನೆ ಒಬ್ಬಳ ಮೈಯಿಂದ ಮಾತ್ರ ಬರುತ್ತಿತ್ತು. ಶಹಾಪುರದಲ್ಲಿ ನಮ್ಮ ತವರುಮನೆಯ ಪಕ್ಕದ ಬಾಡಿಗೆ ಮನೆಯಲ್ಲಿ ಇದ್ದ ಸಿಸ್ಟರಕ್ಕ. ಸಂಜೆ ಡ್ಯೂಟಿ ಮುಗಿಸಿ ಬಂದು ನಡುವಿನ ಗಿಡ್ಡ ಗೋಡೆಗೆ ಮೊಣಕೈ ಊರಿ ನಿಂತಳೆಂದರೆ, ಮಾತಿಗಿಂತ ಮೊದಲು ಆ ಬೆಂದ ಬಟ್ಟೆಯ ವಾಸನೆ ನಮ್ಮ ಅಂಗಳಕ್ಕೆ ಬರುತ್ತಿತ್ತು. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನೆಲ್ಲ ದೊಡ್ಡ ಡಬ್ಬಿಗಳಲ್ಲಿ ತುಂಬಿ ಹಬೆಯಲ್ಲಿ ಬೇಯಿಸುತ್ತಿದ್ದರಂತೆ. ಹುಳು ಹುಪ್ಪಟೆ ಉಳಿಯಬಾರದೆಂದು. ಅವಳು ಅದಕ್ಕೂ ನಗುತ್ತಿದ್ದಳು. “ನೀವು ಇಡ್ಲಿ ಬೇಯಿಸ್ತೀರಿ, ನಾ ಅರಿಬಿ ಬೇಯಿಸ್ತೀನಿ. ಹೊಟ್ಟಿ ತುಂಬೂದು ನಿಮ್ದ ಛಲೋ.”

ಅವಳು ಸುರಪುರ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯವಳು. ಅಪ್ಪ ಕೃಷ್ಣೆಯಲ್ಲಿ ಬಲೆ ಹಾಕಿ ಮಗಳನ್ನು ನರ್ಸಿಂಗ್ ಓದಿಸಿದ್ದ. ಮದುವೆ ಆಗಿರಲಿಲ್ಲ, ಅದನ್ನು ನನಗೊಬ್ಬಳಿಗೆ ಹೇಳಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮನೆಯಲ್ಲಿ ಒಬ್ಬಳೇ. ಒಂದು ತಟ್ಟೆ, ಒಂದು ಚಾಪೆ, ಒಂದು ರೇಡಿಯೊ. ಆ ರೇಡಿಯೊ ಹಾಡುತ್ತಿದ್ದರೆ ಅವಳು ಮನೆಯಲ್ಲಿದ್ದಾಳೆ ಎಂದು ನಮಗೆ ತಿಳಿಯುತ್ತಿತ್ತು.

ಓಣಿಯವರಿಗೆ ಅವಳ ಕೆಲಸವೇನೆಂದು ಕಡೆತನಕ ಅರ್ಥವಾಗಲಿಲ್ಲ. ಮಗುವಿಗೆ ಜ್ವರ ಬಂತೆಂದು, ಮುದುಕನಿಗೆ ಸೂಜಿ ಮಾಡಬೇಕೆಂದು ಅವಳ ಬಾಗಿಲು ತಟ್ಟುತ್ತಿದ್ದರು. ಅವಳು ಮಾಡಿಕೊಡುತ್ತಿದ್ದಳು. ಆದರೂ ಎದುರು ಮನೆಯ ದೊಡ್ಡಮ್ಮ ಒಮ್ಮೆ ಕಟ್ಟೆಯ ಮೇಲೆ ಕುಳಿತು ಕೇಳಿಯೇಬಿಟ್ಟಳು.

“ಅಲ್ಲವ್ವ ಸಿಸ್ಟರಬಾಯಿ, ವಾರ್ಡಿನ್ಯಾಗ ನಿನ್ನ ಒಂದಿನಾನೂ ನೋಡಿಲ್ಲಲ್ಲ? ಗುಳಗಿ ಕೊಡೂದಿಲ್ಲ, ಸಲೈನ್ ಹಚ್ಚೂದಿಲ್ಲ. ನೀ ಅಲ್ಲಿ ಮಾಡೂದರ ಏನು?”

“ನಾ ಒಳಗಿನಾಕಿ, ದೊಡ್ಡವ್ವ. ಬಾಗಲಾ ಮುಚ್ಚಿದ ಮ್ಯಾಲೆ ನಂದು ಕೆಲಸ.”

“ಒಳಗ ಡಾಕ್ಟರ್ ಇರ್ತಾರಲ್ಲ?”

“ಡಾಕ್ಟರ್ ಹೊಟ್ಟಿ ನೋಡ್ತಾರ. ನಾ ಡಾಕ್ಟರ್ ಕೈ ನೋಡ್ತೀನಿ. ಅವ್ರ ಕೈ ನೀಡೂದ್ರೊಳಗ ಸಾಮಾನು ಅದರಾಗ ಇರಬೇಕು.”

“ಅಯ್ಯ, ಸಾಮಾನು ಕೊಡಾಕೂ ಓದಬೇಕೇನ?” ಎಂದು ದೊಡ್ಡಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಸಿಸ್ಟರಕ್ಕ ಜೋರಾಗಿ ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಏನಿತ್ತು ಎಂದು ಆಗ ನನಗೆ ತಿಳಿಯಲಿಲ್ಲ…

ಅವಳೊಡನೆ ಸಂತೆಗೆ ಹೋಗುವುದು ಒಂದು ಮೋಜು. ಒಮ್ಮೆ ಮೆಣಸಿನಕಾಯಿ ಮಾರುವವಳೊಬ್ಬಳು ಚೌಕಾಸಿಗೆ ಸಿಟ್ಟಾಗಿ “ನೀ ಯಾವಾಕಿ, ದೊಡ್ಡ ಸಾವ್ಕಾರ್ತಿ! ನಡಿ ಮುಂದ” ಎಂದು ಸಿಸ್ಟರಕ್ಕನನ್ನು ಗದರಿದಳು. ನನಗೆ ಸಿಟ್ಟು ಬಂತು. ಸಿಸ್ಟರಕ್ಕ ನನ್ನ ಕೈ ಜಗ್ಗಿ ದೂರ ಕರೆದುಕೊಂಡು ಬಂದು ಕಿವಿಯಲ್ಲಿ ಹೇಳಿದಳು. “ಬೈಲಿ ಬಿಡು. ದನಿ ಜೋರ ಬಂದದ ಅಂದ್ರ ಹೊಲಿಗಿ ಗಟ್ಟಿ ಕುಂತಾವು. ಹ್ವಾದ ದೀಪಾವಳಿಗೆ ನನ್ನ ಕೈ ಹಿಡಕೊಂಡು, ಬಿಟ್ಟು ಹೋಗಬ್ಯಾಡ ಎವ್ವಾ ಅಂತ ಅತ್ತಾಕಿ ಇಕಿ.”

“ಮತ್ತ ಗುರ್ತ ಹಿಡೀಲಿಲ್ಲಲ್ಲ?”

“ಹ್ಯಾಂಗ ಹಿಡೀತಾಳ? ಮಾರಿ ಕಟ್ಕೊಂಡಿರ್ತೀನಿ. ಒಂದ್ ಗಳಿಗಿ ತಗದು ತೋರಿಸಿರ್ತೀನಿ ಖರೇ, ಎಚ್ಚರ ತಪ್ಪಿಸೂ ಔಷಧ ಅದನ್ನ ಅಳಿಸಿ ಹಾಕ್ತದ. ಅವರು ನನ್ನ ಮರೀತಾರ, ನಾ ಅವರ್ನ ಮರಿಯಂಗಿಲ್ಲ.” ಹಾಗೆಂದು ಅವಳು ಜೋಳದ ಸಾಲಿನ ಕಡೆ ನಡೆದಳು.

ಆಪರೇಷನ್ ಆದವರ ಮನೆಯವರು ಡಾಕ್ಟರಿಗೆ ಪೇಡೆ ಕೊಡುತ್ತಿದ್ದರು. ವಾರ್ಡಿನ ಸಿಸ್ಟರುಗಳಿಗೆ, ಆಯಾಗೆ, ಗೇಟಿನ ವಾಚಮನ್ನನಿಗೂ ಕೊಡುತ್ತಿದ್ದರು. ಒಳಗಿನಾಕಿಗೆ ಮಾತ್ರ ಕೊಟ್ಟವರಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಅವಳೊಬ್ಬಳು ಇದ್ದಾಳೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅವಳ ಕೆಲಸ ಎಂಥದೆಂದು ನನಗೂ ಕಣ್ಣಾರೆ ಗೊತ್ತಾದದ್ದು ಅವ್ವನಿಗೆ ಪಿತ್ತಕೋಶದ ಹರಳಿನ ಆಪರೇಷನ್ ಆದಾಗ. ಅವ್ವ ವನದುರ್ಗದವಳು, ಹಟದಲ್ಲಿ ಆ ಊರಿನ ಕೋಟೆಯ ಕಲ್ಲೇ. ನೋವಿಗೆ ನೆಲ ಹಿಡಿದು ಒದ್ದಾಡಿದರೂ ಒಂದು ಮಾತಿಗೆ ಅಂಟಿಕೊಂಡಿದ್ದಳು. ಕೈಯ ಬಳೆ ತೆಗೆಯಲು ಕೊಡುವುದಿಲ್ಲ. ಹಸಿರು ಗಾಜಿನ ಬಳೆ, ವರ್ಷಗಳಿಂದ ಕೈಗೆ ಅಂಟಿದವು. ಸಲೈನ್ ಹಚ್ಚಿದಾಗ ಕೈ ಬಾತರೆ ಬಳೆ ಕೊರೆಯುತ್ತವೆ, ತೆಗೆಯಲೇಬೇಕು, ಬರದಿದ್ದರೆ ಒಡೆಯಬೇಕು ಎಂದು ವಾರ್ಡಿನಲ್ಲಿ ಹೇಳಿದರು. ಒಡೆಯುವ ಮಾತು ಕೇಳಿದ್ದೇ ಅವ್ವ ಎದ್ದು ಕುಳಿತಳು.

“ನನ್ನ ಗಂಡ ಗುಂಡಕಲ್ಲಿನಂಗ ಬಾಗಲಾಗ ಕುಂತಾನ. ಆತ ಇರೂತನ ನನ್ನ ಬಳಿ ಒಡೀತೀರಿ? ಸತ್ರ ಬಳಿ ಸುದ್ದ ಸಾಯ್ತೀನಿ, ನಡೀರಿ ಮನಿಗೆ.”

ಬಾಗಿಲಲ್ಲಿ ಕುಳಿತಿದ್ದ ಅಪ್ಪ, ಗುಂಡುಕಲ್ಲು ಎನ್ನಿಸಿಕೊಂಡವನು, ಏನೂ ತೋಚದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ತಿರುವುತ್ತಿದ್ದ. ಆಪರೇಷನ್ ನಿಂತೇಹೋಯಿತು ಎನ್ನುವಾಗ ಒಳಗಿನ ಬಾಗಿಲು ತೆರೆಯಿತು. ತಲೆಗೆ ಹಸಿರು ಟೊಪ್ಪಿಗೆ, ಮುಖಕ್ಕೆ ಬಟ್ಟೆ, ಕಣ್ಣು ಮಾತ್ರ ಕಾಣುವ ಒಬ್ಬಳು ಬಂದಳು. ನನಗೆ ವಾಸನೆಯಿಂದ ಗುರುತಾಯಿತು. ನೋವಿನ ಭರದಲ್ಲಿದ್ದ ಅವ್ವನಿಗೆ ಆಗಲಿಲ್ಲ.

“ಬಳಿ ಇರ್ಲಿ ಎವ್ವಾ. ಹಂಗ ಬರ್ರಿ. ನೀವು ಹ್ಞೂಂ ಅನ್ನೂತನ ಯಾರೂ ಮುಟ್ಟಂಗಿಲ್ಲ” ಎಂದು ಅವಳು ಅವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆದು ಒಂದು ಕೈ ಹೊರಗೆ ಬಂತು. ಬಿಳಿ ಬ್ಯಾಂಡೇಜ್ ಬಟ್ಟೆಯ ಒಂದು ಪುಟ್ಟ ಗಂಟು. ಒಳಗೆ ಅವ್ವನ ಬಳೆ. ಒಂದೂ ಒಡೆದಿರಲಿಲ್ಲ. ಇನ್ನೂ ಸೋಪಿನ ನೀರಿನ ಹಸಿ ಇತ್ತು.

“ಕೈಯಾಗ ಹಿಡ್ಕೋ. ಕೆಳಗ ಇಡಬ್ಯಾಡ” ಎಂದಿತು ಅವಳ ದನಿ.

ಎಷ್ಟು ಹೊತ್ತು ನಿಂತಿದ್ದೆನೋ. ಗಂಟು ನನ್ನ ಮುಷ್ಟಿಯಲ್ಲಿ ಬೆಚ್ಚಗಾಯಿತು. ಆಮೇಲೆ ಮತ್ತೆ ಬಾಗಿಲು ತೆರೆದು ಅದೇ ಕೈ ಬಂದು ಗಂಟನ್ನು ಇಸಿದುಕೊಂಡಿತು. ಅವ್ವನನ್ನು ಹೊರಗೆ ತಂದಾಗ ಬಳೆ ಅವಳ ಕೈಯಲ್ಲಿದ್ದವು. ಅವಳು ಕಣ್ಣು ತೆರೆಯುವ ಮೊದಲು ಕೈ ಅಲುಗಿಸಿದಳು. ಗಲ್ ಎಂದಿತು. ಆಗ ಅವಳ ಮುಖ ಸಡಿಲಾದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಸಿಸ್ಟರಕ್ಕನ ಪದ್ಧತಿಯೇ ಅದು ಎಂದು ಆಮೇಲೆ ತಿಳಿಯಿತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಚ್ಚರವಾದಾಗ ಡಾಕ್ಟರ ದನಿಗಿಂತ ಮೊದಲು ತಮ್ಮ ಬಳೆಯ ಸಪ್ಪಳ ಕೇಳಬೇಕು, ಗಾಬರಿ ಅರ್ಧ ಅಲ್ಲೇ ಇಳಿಯುತ್ತದೆ ಎನ್ನುತ್ತಿದ್ದಳು.

ಮನೆಗೆ ಬಂದ ಮೇಲೆ ಅವ್ವ ಊರಿಗೆಲ್ಲ ಹೇಳಿಕೊಂಡು ತಿರುಗಿದಳು. “ಬಳಿ ಮುಟ್ಟಾಕ ಕೊಡಲಿಲ್ಲ ನಾ! ಬಳಿ ಸುದ್ದ ಆಪರೇಷನ್ ಮಾಡಿಸ್ಕೊಂಡು ಬಂದೀನಿ.” ಅದರ ಜೊತೆಗೆ ಇನ್ನೊಂದು ಮಾತು. ಅದನ್ನು ಹೇಳುವಾಗ ದನಿ ತಗ್ಗುತ್ತಿತ್ತು. “ಅಲ್ಲಿ ಒಳಗ ನಮ್ಮವ್ವ ಕನಸಿನ್ಯಾಗ ಬಂದಿದ್ಳು ನೋಡು. ಸತ್ತು ಎಷ್ಟು ವರ್ಷ ಆದ್ವು… ಬಂದು, ಬಾಜೂಕ ಕುಂತು, ನೀರಾಗ ನನ್ನ ಕೈ ತೊಳದ್ಲು. ಸಣ್ಣಾಕಿ ಇದ್ದಾಗ ತೊಳೀತಿದ್ದಳಲ್ಲ, ಹಂಗ.”

ಗೋಡೆಯ ಆಚೆ ಸಿಸ್ಟರಕ್ಕ ಇದನ್ನೆಲ್ಲ ಕೇಳುತ್ತ ಅಕ್ಕಿ ಆರಿಸುತ್ತಿದ್ದಳು. ನಾನು ಬಾಯಿ ತೆರೆಯಹೋದರೆ ಕಣ್ಣಲ್ಲೇ ತಡೆದಳು. ಆಮೇಲೆ ನಾನೊಬ್ಬಳೇ ಸಿಕ್ಕಾಗ ಹೇಳಿದಳು. “ಹೇಳಬ್ಯಾಡ. ಆಕಿ ಹ್ಞೂಂ ಅಂದು ತಾನ ಕೈ ನೀಡಿದ್ಳು, ಅದೂ ಆಕಿಗೆ ನೆನಪಿಲ್ಲ. ಇರ್ಲಿ. ಅವ್ವ ಬಂದಿದ್ಳು ಅನ್ನೂದು ಛಲೋ ಕನಸು. ಅದರಾಗ ನಾ ಯಾಕ ಅಡ್ಡ ಬರ್ಲಿ?”

ಒಂದೆರಡು ವರ್ಷದ ಮೇಲೆ ನಾನು ಬಸುರಿಯಾಗಿ ಸುರಪುರದಿಂದ ತವರಿಗೆ ಬಂದೆ. ಕುಬಸ ಇಲ್ಲೇ ಆಗಬೇಕೆಂದು ಅವ್ವನ ಹಟ. ಓಣಿಯ ಹೆಂಗಸರೆಲ್ಲ ಕೂಡಿದರು. ಬಳೆಗಾರ್ತಿ ಬಂದು ಮೊದಲು ನನಗೆ ಕೈತುಂಬ ಹಸಿರು ಬಳೆ ಇಟ್ಟಳು. ಆಮೇಲೆ ಸಾಲಿನಲ್ಲಿ ಕುಳಿತವರಿಗೆಲ್ಲ ಇಡುತ್ತ ಹೋದಳು. ಹಾಡು, ನಗು, ಚೇಷ್ಟೆ. ಸಾಲಿನ ಕೊನೆಗೆ ಸಿಸ್ಟರಕ್ಕ ಕುಳಿತಿದ್ದಳು. ಇಸ್ತ್ರಿ ಮಾಡಿದ ಹಳದಿ ಸೀರೆ ಉಟ್ಟು, ನನಗೆಂದು ತಾನೇ ಹೊಲಿದ ಕೂಸಿನ ಕುಂಚಿಗೆ ತಂದಿದ್ದಳು. ಬಳೆಗಾರ್ತಿ ಅವಳ ಮುಂದೆ ಕುಕ್ಕರಿಸಿ ಕೈ ಹಿಡಿದಳು. ಕೈ ಬೋಳಾಗಿತ್ತು. ಬಳೆಗಾರ್ತಿ ತಲೆ ಎತ್ತಿ ಅವ್ವನ ಕಡೆ ನೋಡಿದಳು.

ಅವ್ವ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಬೇಡ, ಅಷ್ಟಕ್ಕೇ ಸಾಕು ಎಂದು.

ಕೆಟ್ಟತನದಿಂದ ಅಲ್ಲ. ಓಣಿಯವರೆಲ್ಲ ತಿಳಿದಂತೆ ಅವ್ವನೂ ತಿಳಿದಿದ್ದಳು. ವಯಸ್ಸಾದ ಹೆಣ್ಣು, ಒಬ್ಬಳೇ ಇದ್ದಾಳೆ, ಕೈಯಲ್ಲಿ ಬಳೆಯಿಲ್ಲ ಎಂದರೆ ಗಂಡ ತೀರಿದವಳು. ಕೇಳಿ ನೋಯಿಸಬಾರದೆಂದು ಯಾರೂ ಕೇಳಿರಲಿಲ್ಲ. ಸಿಸ್ಟರಕ್ಕ ಕೈ ಹಿಂದೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. ಎಷ್ಟು ಸಹಜವಾಗಿ ಮುಚ್ಚಿಕೊಂಡಳೆಂದರೆ, ಅದು ಮೊದಲ ಸಲ ಅಲ್ಲ ಎಂದು ತಿಳಿಯುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಮಣೆಯ ಮೇಲಿಂದಲೇ ಅಂದೆ. “ಅವ್ವ, ಅಕ್ಕನ ಕೈ ಬೋಳಿರೂದು ಗಂಡ ಸತ್ತದ್ದಕ್ಕಲ್ಲ. ಆಕಿಗೆ ಮದುವಿನ ಆಗಿಲ್ಲ. ಬಳಿ ಇಟ್ಕೊಂಡು ಒಳಗ ನಿಂದ್ರೂಹಂಗಿಲ್ಲ ಆಕಿ. ನಿನ್ನ ಬಳಿ ಒಂದೂ ಒಡೀಲಾರದಂಗ ತಗದು, ತಿರುಗಿ ಇಟ್ಟಾಕಿ ಆಕಿನ.”

ಹಾಡು ನಿಂತಿತು. ಅವ್ವ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. ಎದುರು ಮನೆಯ ದೊಡ್ಡಮ್ಮನ ಬಾಯಲ್ಲಿ ಎಲೆ ಹಾಗೇ ನಿಂತಿತು. ಸಿಸ್ಟರಕ್ಕ ಎದ್ದು ನಿಂತು, “ಇರ್ಲಿ ಬಿಡ್ರಿ. ನಾಳಿಗೆ ಕೇಸ್ ಅದ. ಇಟ್ರೂ ತಗೀಬೇಕು” ಎಂದು ನನ್ನ ತಲೆ ಸವರಿ ಹೋದಳು. ಆ ದಿನ ಪಕ್ಕದ ಮನೆಯಲ್ಲಿ ರೇಡಿಯೊ ಹಾಡಲಿಲ್ಲ.

ಮರುದಿನ ಅವಳು ಡ್ಯೂಟಿಯಿಂದ ಬಂದು ಬಾಗಿಲ ಚಿಲಕ ತೆಗೆಯುತ್ತಿದ್ದಂತೆ ಅವ್ವ ಹೋದಳು. ನಾನೂ ಹಿಂದೆ ಹೋದೆ. ಅವ್ವ ಅವಳ ಚಾಪೆಯ ಮೇಲೆ ಕುಳಿತು ಎರಡೂ ಕೈ ಚಾಚಿದಳು.

“ತಗಿ” ಎಂದಳು.

“ಏನ್ರೀ ಎವ್ವಾ?”

“ಅವತ್ತ ಹ್ಯಾಂಗ ತಗದಿದ್ದಿ, ಹಂಗ ತಗಿ. ನೋಡೂಣು.”

ಸಿಸ್ಟರಕ್ಕ ನನ್ನ ಕಡೆ ನೋಡಿದಳು. ಅವಳು ಬೋಗುಣಿಯಲ್ಲಿ ನೀರು ತಂದಳು, ಸೋಪು ತಂದಳು. ಅವ್ವ ಕಣ್ಣು ಮುಚ್ಚಿದಳು. ಸಿಸ್ಟರಕ್ಕ ಸೋಪಿನ ನೊರೆ ಹಚ್ಚಿ, ಅವ್ವನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಕೀಲಿನ ಎಲುಬನ್ನು ಮೆಲ್ಲಗೆ ಒತ್ತಿ ಹಿಡಿದು, ಒಂದೊಂದೇ ಬಳೆ ಜಾರಿಸತೊಡಗಿದಳು. ಬಾಯಲ್ಲಿ ಏನೋ ಗುನುಗು. ವನದುರ್ಗದಾಗ ಮಳಿ ಹ್ಯಾಂಗದ್ರಿ, ಕೋಟಿ ಮ್ಯಾಲೆ ಸೀತಾಫಲ ಹಣ್ಣಾಗ್ಯಾವೇನ್ರಿ… ಒಳಗೂ ಹಾಗೇ ಮಾತಾಡಿಸಿದ್ದಳಂತೆ. ಎರಡನೆಯದೋ ಮೂರನೆಯದೋ ಬಳೆ ಜಾರುವಾಗ ಅವ್ವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

“ಇದ ಕೈ” ಎಂದಳು ಅವ್ವ. “ನಮ್ಮವ್ವ ಅಂತ ತಿಳಿದಿದ್ದೆ ನಾ… ನೀನ ಏನ ಅದು?”

ಸಿಸ್ಟರಕ್ಕನ ಕೈಗೆ ಸೋಪು ಮೆತ್ತಿತ್ತು, ಕಣ್ಣು ಒರೆಸಿಕೊಳ್ಳಲು ಮೊಣಕೈ ಎತ್ತಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟು ವರ್ಷಗಳಲ್ಲಿ ಅವಳ ಗುರುತು ಹಿಡಿದ ಮೊದಲ ಪೇಷಂಟ್ ನನ್ನವ್ವ. ಅದೂ ಕಣ್ಣು ಮುಚ್ಚಿಕೊಂಡು.

ತೆಗೆದ ಬಳೆಗಳನ್ನು ಅವ್ವ ತಾನು ಇಟ್ಟುಕೊಳ್ಳಲಿಲ್ಲ. ಸಿಸ್ಟರಕ್ಕನ ಕೈಗೆ ಏರಿಸಿದಳು. ಬೆಳಗಾದರೆ ತೆಗೆಯಬೇಕು, ಇವತ್ತೊಂದು ದಿನ ಇರಲಿ ಎಂದಳು. ಆ ಸಂಜೆ ರೇಡಿಯೊದ ಜೊತೆ ಬಳೆಯ ಸಪ್ಪಳವೂ ಗೋಡೆ ದಾಟಿ ಬಂತು. ಬೆಳಿಗ್ಗೆ ಬಳೆಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ವಾಪಸ್ ತಂದಳು.

“ನೀ ರಿಟೈರ್ ಆಗು. ಮೊಣಕೈತನ ಇಡಸ್ತೀನಿ, ನಾನ” ಎಂದಳು ಅವ್ವ.

“ಅಲ್ಲೀತನ ಇರ್ತೀರೇನ್ರಿ?”

“ನೀವೆಲ್ಲಾ ಹೊಟ್ಟಿ ಹೊಲದು ಕಳಿಸೀರಿ. ಹೊಲಿಗಿ ಗಟ್ಟಿ ಇಲ್ಲೇನ ಮತ್ತ?”

ಹೊಲಿಗೆ ಗಟ್ಟಿಯೇ ಇತ್ತು. ಆದರೆ ಅವ್ವ ಇರಲಿಲ್ಲ. ಸಿಸ್ಟರಕ್ಕನಿಗೆ ಯಾದಗಿರಿಗೆ ವರ್ಗವಾಯಿತು, ಪಕ್ಕದ ಮನೆಗೆ ಬೇರೆ ಬಾಡಿಗೆಯವರು ಬಂದರು, ಅವ್ವ ಒಂದು ಬೇಸಿಗೆಯಲ್ಲಿ ಹೋದಳು. ರಿಟೈರ್ ಆಗುವ ದಿನ ಸಿಸ್ಟರಕ್ಕನ ಫೋನ್ ಬಂತು. ನಾನು ಸುರಪುರದ ಪೇಟೆಯಲ್ಲಿ ಹಸಿರು ಬಳೆ ಕೊಂಡು, ಬಸ್ಸು ಹಿಡಿದು ಯಾದಗಿರಿಗೆ ಹೋದೆ. ಅಲ್ಲಿ ಒಂದು ಶಾಲು, ಒಂದು ಹಾರ, ಎರಡು ಮಾತು ಆಗಿ ಮುಗಿದಿತ್ತು. ಅವಳ ಕೈ ಮುಟ್ಟಿ ನೋಡಿದೆ. ಇಡೀ ಆಯುಷ್ಯ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಒರಟಾದ ಕೈ, ಕೀಲು ದಪ್ಪವಾಗಿದ್ದವು. ಬಳೆ ಏರಲಿಲ್ಲ.

“ಸೋಪು ತಾ. ಹೆಬ್ಬೆಟ್ಟು ಒಳಗ ಮಡಚು. ಒತ್ತು, ಹೆದರಬ್ಯಾಡ” ಎಂದು ಅವಳೇ ಹೇಳಿಕೊಟ್ಟಳು. ಇಡಿಸಿಕೊಳ್ಳುವವಳೇ ಇಡುವುದನ್ನು ಕಲಿಸಿದಳು. ಒಂದೂ ಒಡೆಯಲಿಲ್ಲ. ಅವಳು ಕೈ ಅಲುಗಿಸಿ ಕಿವಿಯ ಹತ್ತಿರ ಹಿಡಿದು ಕೇಳಿ, “ಎವ್ವಾ, ಇದೇನ ಇಷ್ಟ್ ಗದ್ಲ!” ಎಂದು ನಕ್ಕಳು.

ಆಮೇಲೆ ಅವಳು ಹೊಳೆದಂಡೆಯ ಊರಿಗೆ, ತಮ್ಮನ ಮನೆಗೆ ಹೋದಳು. ನಾನು ಮಕ್ಕಳು, ಮನೆ ಎಂದು ಇಲ್ಲಿ. ದೂರವೇನಿಲ್ಲ, ಒಂದು ಬಸ್ಸಿನ ದಾರಿ. ಬರುತ್ತೇನೆ ಎನ್ನುವಳು, ಬಾ ಎನ್ನುವಳು… ಹೋದ ಚಳಿಗಾಲದಲ್ಲಿ ಸುದ್ದಿ ಬಂತು. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೋದೆ. ತಮ್ಮನ ಹೆಂಡತಿ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಹೊಳೆಯ ಗಾಳಿ, ಒಣಗಲು ಹಾಕಿದ ಬಲೆ. ನಾನು ಕೇಳಿದ್ದು ಒಂದೇ. ಬಳೆ ಇಟ್ಟುಕೊಂಡಿದ್ದಳೇ?

“ಇಟ್ಕೋತಿದ್ಳ್ರಿ. ಆದ್ರ ಬೆಳಗಾತು ಅಂದ್ರ ಸೋಪು ಹಚ್ಚಿ ತಗದು ಕಿಡಕ್ಯಾಗ ಇಡೋಳು. ಯಾಕ ವೈನೀ ಅಂದ್ರ, ‘ಅಯ್ಯ, ಡ್ಯೂಟಿ ಇಲ್ಲಲ್ಲ’ ಅಂತ ನಕ್ಕೋತ ಮತ್ತ ಇಟ್ಕೊಳ್ಳೋಳು. ದಿನಾ ಅದ ಆಟ.”

ಹೊಟ್ಟೆಯಲ್ಲಿ ಗಂಟಾಗಿತ್ತಂತೆ. ದೊಡ್ಡ ಊರಿನ ದವಾಖಾನೆಗೆ ಕರೆದೊಯ್ದಿದ್ದರು. ಒಳಗೆ ಹೋಗುವ ಮೊದಲು ತಾನೇ ಸೋಪು ಕೇಳಿ, ತಾನೇ ಬಳೆ ತೆಗೆದು, ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿ ತಮ್ಮನ ಹೆಂಡತಿಯ ಕೈಗೆ ಕೊಟ್ಟಳಂತೆ.

“ಕೆಳಗ ಇಡಬ್ಯಾಡ ಅಂದ್ಲ್ರಿ. ಹಿಡ್ಕೊಂಡ ನಿಂತಿದ್ದೆ. ಎಚ್ಚರಾಗೂದ್ರಾಗ ಇಡಬೇಕು ಅಂತ… ಎಚ್ಚರನ ಆಗ್ಲಿಲ್ಲ. ಮನಿಗೆ ತಂದು ಮಣ್ಣಿಗೆ ಒಯ್ಯೂಮುಂದ ನಾ ಇಡಾಕ ಹ್ವಾದೆ. ಹಿರ್ಯಾರು ಬ್ಯಾಡ ಅಂದ್ರು. ಗಂಡ ಇಲ್ಲದಾಕಿಗೆ ಹಸರ ಬಳಿ ಯಾಕ ಅಂದ್ರು.”

ಬೋಳು ಕೈಯಲ್ಲೇ ಕಳಿಸಿದ್ದರು.

“ಒಳಗ ಆಕಿ ಕೂಡ ಯಾರಿದ್ರು?” ಎಂದೆ.

“ಯಾರೋ ಒಬ್ಬ ಸಿಸ್ಟರ್ ಇದ್ಳ್ರಿ. ಸಣ್ಣ ಹುಡುಗಿ, ಮಾರಿ ಕಟ್ಕೊಂಡಿದ್ಳು. ನಮ್ಮ ವೈನಿ ಕೈ ಹಿಡಕೊಂಡು ಒಳಗ ಕರಕೊಂಡು ಹ್ವಾದ್ಳು. ಹೆಸರು ಕೇಳಲಿಲ್ರಿ ನಾವು.”

ಯಾರೂ ಕೇಳುವುದಿಲ್ಲ. ಆ ಹುಡುಗಿಗೆ ತಾನು ಯಾರ ಕೈ ಹಿಡಿದಿದ್ದೆ ಎಂಬುದು ಗೊತ್ತಿರಲಿಕ್ಕಿಲ್ಲ. ಅವಳ ಪಾಲಿಗೆ ಆ ದಿನದ ಒಂದು ಕೇಸು. ಆದರೂ ಕೈ ಹಿಡಿದಿದ್ದಳು. ಬಾಗಿಲು ಮುಚ್ಚಿದ ಮೇಲೆ ನಮ್ಮವರ ಪಕ್ಕ ನಿಲ್ಲುವವಳು ಇಂಥ ಒಬ್ಬಳೇ, ಆಚೆ ನಿಂತ ನಮಗೆ ಅವಳ ಕಣ್ಣು ಬಿಟ್ಟು ಬೇರೇನೂ ಗೊತ್ತಿಲ್ಲ. ಅಷ್ಟನ್ನು ನಾನು ಕಂಡವರಿಗೆಲ್ಲ ಹೇಳುತ್ತೇನೆ. ಯಾರದಾದರೂ ಆಪರೇಷನ್ ಎಂದು ಕೇಳಿದರೆ, ಒಳಗಿನಾಕಿಯನ್ನು ಒಮ್ಮೆ ಕರೆದು ಮುಖ ನೋಡಿ ಬನ್ನಿರಿ ಎನ್ನುತ್ತೇನೆ. ಕೆಲವರು ನಗುತ್ತಾರೆ.

ಬಳೆಯ ಆ ಗಂಟನ್ನು ತಮ್ಮನ ಹೆಂಡತಿ ನನಗೇ ಕೊಟ್ಟಳು. ತಂದವಳು ಕೆಳಗೆ ಇಡಲಿಲ್ಲ. ಅಡುಗೆಮನೆಯ ಗೋಡೆಯ ಮೊಳೆಗೆ, ನನ್ನ ಕೈಗೆ ಎಟಕುವಂತೆ ತೂಗುಹಾಕಿದ್ದೇನೆ. ಸೋಪು ಹಚ್ಚಿದರೆ ನನ್ನ ಕೈಗೂ ಏರುತ್ತವೆ, ಆ ಕಲೆ ಅವಳೇ ಕಲಿಸಿದ್ದು. ಆದರೆ ಏರಿಸಿಲ್ಲ.

ಪಂಚಮಿಯ ದಿನ ಪರಾತ ಬದಿಗಿಟ್ಟು ಗಂಟನ್ನು ಮೊಳೆಯಿಂದ ತೆಗೆದು ಹಿಡಿದುಕೊಂಡೆ. ಹಬೆ ತಾಗಿ ಬಟ್ಟೆ ಬೆಚ್ಚಗಿತ್ತು, ಅವತ್ತಿನಂತೆಯೇ. ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದೆ. ಮನೆಯಲ್ಲಿ ಬೇರೆ ಸಪ್ಪಳವಿಲ್ಲ, ನೀರು ಕುದಿಯುವುದೊಂದೇ. ಎಷ್ಟು ಹೊತ್ತು ನಿಂತರೂ ಬಾಗಿಲು ಒಂದು ಗೇಣು ತೆರೆದು, ಕೊಡು ಎಂದು ಆ ಕೈ ಮಾತ್ರ ಹೊರಗೆ ಬರಲಿಲ್ಲ…